ಕಾಫಿ ರುಚಿ ನೋಡುವವರ ಗಡ್ಡಕ್ಕೆ ಯಾವ ಪರಿಮಳದ ಶೇವಿಂಗ್ ಕ್ರೀಮು?

ಪ್ರಶ್ನೆ: ಕಾಫಿ ಬೀಜ ಹದಮಾಡಿ ವಿಂಗಡಿಸುವ ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸ್‌ನ ಕಪ್ಪಿಂಗ್ (ಕಾಫಿಯ ವಾಸನೆ, ರುಚಿ ನೋಡಿ ಅಂಕ ಕೊಡುವ) ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಇತ್ತೀಚೆಗೆ ಡಬ್ಬಿ ಫೋಮ್ ಬಿಟ್ಟು ಬ್ರಷ್ಷು, ಟ್ಯೂಬ್ ಕ್ರೀಮು, ಹಳೆಯ ಕಾಲದ ಡಬಲ್ ಎಡ್ಜ್ ರೇಜರ್ ಹಿಡಿದಿದ್ದೇನೆ. ಶ್ರೀಗಂಧದ ಕ್ರೀಮು ತಂದೆ, ಟ್ಯೂಬಿನಲ್ಲಿ ಪರಿಮಳ ಬಹಳ ಚೆನ್ನಾಗಿದೆ. ಆದರೆ ಎರಡು ತೊಂದರೆ. ಕಪ್ಪಿಂಗ್ ಟೇಬಲ್ಲಿನ ಹತ್ತಿರ ನಿಂತರೆ ನಮ್ಮ ಹಿರಿಯರು ‘ಏನಯ್ಯಾ, ಗಂಧದ ಅಂಗಡಿ ಇಟ್ಕೊಂಡು ಬಂದಿದ್ದೀಯ’ ಅನ್ನುತ್ತಾರೆ. ನನಗೆ ಆ ಹೊತ್ತಿಗೆ ಏನೂ ವಾಸನೆ ಬರುತ್ತಿರುವುದಿಲ್ಲ. ಇನ್ನೊಂದು, ಕಡೂರಿನ ಹತ್ತಿರದ ಅತ್ತೆಮನೆಗೆ ಹೋದಾಗ ಅದೇ ಕ್ರೀಮು, ಅದೇ ಬ್ರಷ್ಷು, ನೊರೆಯೇ ಏಳುವುದಿಲ್ಲ, ಮುಖವೂ ಉರಿಯುತ್ತದೆ. ಶೇವ್ ಆದ ಮೇಲೆ ಗಂಧದ್ದೇ ಆಫ್ಟರ್‌ಶೇವ್ ಹಚ್ಚುತ್ತೇನೆ. ಮೀಸೆ ಇದೆ. ಬೆಳಿಗ್ಗೆ ಒಳ್ಳೆಯ ಪರಿಮಳ ಬೇಕು, ಕೆಲಸಕ್ಕೂ ತೊಂದರೆ ಆಗಬಾರದು. ಯಾವುದು ಕೊಳ್ಳಲಿ?

ಉತ್ತರ:

ಮೊದಲು ಆ ಆಫ್ಟರ್‌ಶೇವ್ ಬಾಟಲಿಯನ್ನು ಭಾನುವಾರಕ್ಕೆ ಎತ್ತಿಡಿ. ನಿಮ್ಮ ಹಿರಿಯರ ಮೂಗಿಗೆ ಬಡಿದ ಗಂಧದಲ್ಲಿ ದೊಡ್ಡ ಪಾಲು ಅದರದ್ದೇ ಇರಬೇಕು. ಕ್ರೀಮನ್ನು ನೀವು ತೊಳೆದು ಹಾಕುತ್ತೀರಿ, ಆಫ್ಟರ್‌ಶೇವನ್ನು ಹಚ್ಚಿ ಹಾಗೇ ಬಿಡುತ್ತೀರಿ. ಅದರಲ್ಲಿನ ಆಲ್ಕೊಹಾಲ್ ಹಾರಿಹೋಗುತ್ತದೆ, ಕರಗಿದ್ದ ಪರಿಮಳದ ಎಣ್ಣೆ ಚರ್ಮದ ಮೇಲೆ ಕೂರುತ್ತದೆ. ಹಾಗೆ ಕೂರಲಿ ಅಂತಲೇ ಅದನ್ನು ತಯಾರಿಸುವುದು.

ಹಾಗಂತ ಕ್ರೀಮಿನದು ಏನೂ ತಪ್ಪಿಲ್ಲ ಅನ್ನುವಂತೆಯೂ ಇಲ್ಲ. ಮೀಸೆ ಇದೆ ಅಂದಿರಲ್ಲ, ಅಲ್ಲಿದೆ ತೊಡಕು. ಕೂದಲು ವಾಸನೆಯನ್ನು ಚರ್ಮಕ್ಕಿಂತ ಹೆಚ್ಚು ಹೊತ್ತು ಹಿಡಿದಿಡುತ್ತದೆ. ಬಚ್ಚಲೊಲೆಗೆ ಕಾಫಿ ಗಿಡದ ಸೌದೆ ತುರುಕಿ ಹಂಡೆ ಕಾಯಿಸುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಲೆಗೂದಲಿನ ಹೊಗೆ ವಾಸನೆ ಮಧ್ಯಾಹ್ನವಾದರೂ ಬಿಡುವುದಿಲ್ಲ. ನೊರೆ ಹಚ್ಚುವಾಗ ಬ್ರಷ್ಷು ಮೀಸೆಯ ಮೇಲೂ ಆಡುತ್ತದೆ. ತೊಳೆಯುವಾಗ ಕೆನ್ನೆ, ಗಲ್ಲ, ಕುತ್ತಿಗೆ ತೊಳೆಯುತ್ತೇವೆ, ಮೀಸೆಗೆ ಎರಡು ಹನಿ ತಾಗಿಸಿ ಬಿಡುತ್ತೇವೆ. ಆಮೇಲೆ ನೀವು ಮಾಡುವ ಕೆಲಸ ನೋಡಿ. ಒಣ ಪುಡಿ ಮೂಸುತ್ತೀರಿ, ನೀರು ಹುಯ್ದು ನಾಲ್ಕು ನಿಮಿಷಕ್ಕೆ ಮೇಲೆ ಕಟ್ಟಿದ ಪದರ ಒಡೆದು ಮೂಸುತ್ತೀರಿ, ಚಮಚದಿಂದ ಸುರ್ರೆಂದು ಎಳೆದುಕೊಂಡು ಬಾಯಿಯ ಹಿಂಬದಿಯಿಂದ ಮೂಗಿಗೆ ಏರುವ ವಾಸನೆ ಹಿಡಿಯುತ್ತೀರಿ. ಮೂರು ಹಂತದಲ್ಲೂ ಮೇಲ್ದುಟಿ ಬಟ್ಟಲಿಗೆ ಅಂಗುಲದಷ್ಟು ಹತ್ತಿರ. 150 ಮಿಲಿ ನೀರಿಗೆ 8.25 ಗ್ರಾಂ ಪುಡಿಯ ಆ ಬಟ್ಟಲಿನ ಬಿಸಿ ಆವಿ ಮೀಸೆಗೆ ತಾಗಿದರೆ ಅಲ್ಲಿ ಅಡಗಿದ್ದ ಗಂಧ ಮತ್ತೆ ಎದ್ದು ಬರುತ್ತದೆ. ಆ ಬಟ್ಟಲಿಗೆ ನೀವು ಕೊಡುವ ಅಂಕದಲ್ಲಿ ನಿಮ್ಮ ಕ್ರೀಮಿನ ಪಾಲೂ ಸೇರಿರುತ್ತದೆ. ಹಿರಿಯರ ಮಾತನ್ನು ತಮಾಷೆ ಅಂತ ಬಿಡಬೇಡಿ.

ನಿಮಗೇ ವಾಸನೆ ಬರದಿರುವುದು ಸಹಜ. ಒಂದೇ ವಾಸನೆ ಮೂಗಿನ ಮುಂದೆಯೇ ಇದ್ದರೆ ಕೆಲವೇ ನಿಮಿಷಕ್ಕೆ ಮೂಗು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಟ್ಟುಬಿಡುತ್ತದೆ. ಕ್ಯೂರಿಂಗ್ ವರ್ಕ್ಸ್ ಗೇಟು ದಾಟಿದಾಗ ಬಡಿಯುವ ಹಸಿ ಬೀಜದ, ಗೋಣಿಚೀಲದ ವಾಸನೆ ಸ್ವಲ್ಪ ಹೊತ್ತಿಗೆಲ್ಲ ಗೊತ್ತೇ ಆಗುವುದಿಲ್ಲವಲ್ಲ, ಇದೂ ಅದೇ.

ಹಾಗಾಗಿ ಕ್ರೀಮು ಆರಿಸುವಾಗ ಟ್ಯೂಬಿನ ಬಾಯಿಗೆ ಮೂಗಿಡುವುದರಿಂದ ನಿಮಗೆ ಸಿಗುವ ಮಾಹಿತಿ ಬಹಳ ಕಡಿಮೆ. ಅಲ್ಲಿ ಎದ್ದು ಬರುವುದು ಬೇಗ ಹಾರುವ ಹಗುರ ಅಣುಗಳು. ನಿಮಗೆ ಗೊತ್ತಾಗಬೇಕಾದದ್ದು, ತೊಳೆದು ಅರ್ಧ ಗಂಟೆ ಆದ ಮೇಲೆ ಚರ್ಮದ ಮೇಲೆ ಏನು ಉಳಿದಿದೆ ಅನ್ನುವುದು. ನಿಮ್ಮೂರ ಎಂ.ಜಿ. ರಸ್ತೆಯಲ್ಲಾಗಲಿ, ನಮ್ಮ ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಾಗಲಿ ಅಂಗಡಿಯವರು ಟ್ಯೂಬಿನ ಸೀಲು ಒಡೆಯಲು ಬಿಡುವುದಿಲ್ಲ, ಬಿಡಲೂಬಾರದು. ಸಿಗುವುದರಲ್ಲಿ ಚಿಕ್ಕ ಟ್ಯೂಬು ಕೊಳ್ಳಿ. ರಜಾದಿನ ಮುಂಗೈ ಒಳಭಾಗದಲ್ಲಿ ಬ್ರಷ್ಷಿನಿಂದ ನೊರೆ ಮಾಡಿ, ಎರಡು ನಿಮಿಷ ಬಿಟ್ಟು, ಮುಖ ತೊಳೆದಷ್ಟೇ ತೊಳೆಯಿರಿ. ಅರ್ಧ ಗಂಟೆ ತೋಟದಲ್ಲೋ ರಸ್ತೆಯಲ್ಲೋ ಓಡಾಡಿ ಬಂದು ಮೂಸಿ. ನಿಮಗಿಂತ ಮನೆಯವರ ಮೂಗಿಗೆ ಕೊಡುವುದು ಇನ್ನೂ ಒಳ್ಳೆಯದು, ಅವರ ಮೂಗು ಆ ಪರಿಮಳಕ್ಕೆ ಇನ್ನೂ ಒಗ್ಗಿರುವುದಿಲ್ಲ.

ಈಗ ಪರಿಮಳಗಳ ವಿಷಯ. ಸೋಪು, ಕ್ರೀಮುಗಳ ತಯಾರಿಕೆಯಲ್ಲೇ ಕೆಲಸ ಮಾಡಿದವನಾದ್ದರಿಂದ ಇಲ್ಲಿ ಸ್ವಲ್ಪ ಉದ್ದ ಹೇಳುತ್ತೇನೆ.

ನಿಂಬೆ, ಕಿತ್ತಳೆ ಜಾತಿಯ ಪರಿಮಳದಲ್ಲಿ ಮುಖ್ಯವಾದದ್ದು ಲಿಮೋನೀನ್. ಹಗುರ ಅಣು, ಬಿಸಿನೀರು ತಾಗಿದರೆ ಭರ್ರೆಂದು ಏಳುತ್ತದೆ, ಮುಖ ಒರೆಸುವ ಹೊತ್ತಿಗೆ ಬಹುಪಾಲು ಹೋಗಿರುತ್ತದೆ. ನಿಂಬೆಗೆ ನಿಂಬೆತನ ಕೊಡುವ ಸಿಟ್ರಲ್ ಮಾತ್ರ ಸೋಪಿನ ಕ್ಷಾರದಲ್ಲಿ ಬಾಳುವುದಿಲ್ಲ. ಸೋಪಿನಿಂದ ಮಾಡಿದ ಶೇವಿಂಗ್ ಕ್ರೀಮಿನ ಪಿಎಚ್ (ಹುಳಿ, ಕ್ಷಾರದ ಅಳತೆ; 7ರ ಮೇಲೆ ಕ್ಷಾರ) ಸಾಮಾನ್ಯವಾಗಿ 9ರಿಂದ 10ರ ಆಸುಪಾಸು. ಅಲ್ಲಿ ಸಿಟ್ರಲ್ ಕೆಡುತ್ತದೆ ಅಂತ ತಯಾರಕರು ಅದರ ಬದಲು ನೈಟ್ರೈಲ್ ಗುಂಪಿನ ರಾಸಾಯನಿಕ ಹಾಕುತ್ತಾರೆ. ಅದು ಕೆಡುವುದಿಲ್ಲ, ಆದರೆ ಹಣ್ಣಿನ ತಾಜಾತನವೂ ಅದರಲ್ಲಿಲ್ಲ. ಅಗ್ಗದ ನಿಂಬೆ ಕ್ರೀಮು ಕೆಲವೊಮ್ಮೆ ಪಾತ್ರೆ ತೊಳೆಯುವ ಸೋಪಿನ ಹಾಗೆ ನಾರುವುದಕ್ಕೆ ಇದೂ ಒಂದು ಕಾರಣ.

ಲ್ಯಾವೆಂಡರ್ ಮಧ್ಯಮ. ಲಿನಲೂಲ್, ಲಿನಲೈಲ್ ಅಸಿಟೇಟ್ ಅದರ ಎರಡು ಮುಖ್ಯ ಭಾಗ. ಎರಡನೆಯದು ಎಸ್ಟರ್ (ಆಮ್ಲ, ಆಲ್ಕೊಹಾಲ್ ಕೂಡಿ ಆದ ವಸ್ತು) ಆದ್ದರಿಂದ ಕ್ಷಾರದಲ್ಲಿ ನಿಧಾನವಾಗಿ ಒಡೆದು ಮತ್ತೆ ಲಿನಲೂಲ್ ಆಗುತ್ತದೆ. ಹೊಸ ಟ್ಯೂಬಿನ ಲ್ಯಾವೆಂಡರ್‌ಗೂ ಎರಡು ವರ್ಷ ಕಪಾಟಿನಲ್ಲಿ ಕೂತ ಟ್ಯೂಬಿನ ಲ್ಯಾವೆಂಡರ್‌ಗೂ ವ್ಯತ್ಯಾಸ ಬರುವುದು ಹೀಗೆ. ಮಲ್ಲಿಗೆಯ ಗತಿ ಇನ್ನೂ ಕಷ್ಟ. ಅದರ ಜೀವ ಬೆಂಜೈಲ್ ಅಸಿಟೇಟ್, ಅದೂ ಎಸ್ಟರ್. ಹೂಮಳೆ ಬಿದ್ದು ವಾರ ಕಳೆಯುವಷ್ಟರಲ್ಲಿ ಮೂಡಿಗೆರೆ, ಸಕಲೇಶಪುರದ ತೋಟಗಳು ಬೆಳ್ಳಗೆ ಅರಳಿ ಬೀರುವ ಮಲ್ಲಿಗೆಯನ್ನು ಹೋಲುವ ಆ ಕಾಫಿ ಹೂವಿನ ಪರಿಮಳವನ್ನು ಯಾರಾದರೂ ಟ್ಯೂಬಿಗೆ ತುಂಬಲಿ ಅಂತ ನನಗೂ ಆಸೆಯಿದೆ. ಸೋಪಿನಲ್ಲಿ ಅದನ್ನು ಹಾಗೇ ನಿಲ್ಲಿಸುವುದು ಸುಲಭವಲ್ಲ.

ವಿದೇಶಿ ಕ್ರೀಮುಗಳ ಮೇಲೆ ಬಾರ್ಬರ್‌ಶಾಪ್ ಪರಿಮಳ ಅಂತ ಬರೆದಿರುತ್ತದಲ್ಲ, ಅದು ಲ್ಯಾವೆಂಡರ್, ಕೂಮರಿನ್, ಓಕ್ ಮರದ ಪಾಚಿ ಈ ಮೂರರ ಸುತ್ತ ಕಟ್ಟಿದ್ದು. ಕೂಮರಿನ್ ಒಣಹುಲ್ಲಿನ ಸಿಹಿ ವಾಸನೆ ಕೊಡುವ ವಸ್ತು. ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಪರ್ಕಿನ್ ಅದನ್ನು 1868ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದ, 1882ರಲ್ಲಿ ಫ್ರಾನ್ಸಿನ ಹೂಬಿಗಾಂ ಸಂಸ್ಥೆ ಫೂಜೇರ್ ರಾಯಲ್ ಅನ್ನುವ ಸುಗಂಧದಲ್ಲಿ ಬಳಸಿತು. ಅಲ್ಲಿಂದ ಇವತ್ತಿನವರೆಗೆ ಗಂಡಸರ ಸುಗಂಧಗಳಲ್ಲಿ ಬಹಳಷ್ಟು ಅದರ ಮರಿಮಕ್ಕಳೇ. ಕೂಮರಿನ್ ಬೇಗ ಹಾರುವುದಿಲ್ಲ. ನಮ್ಮ ಕಡೆ ಸೆಲೂನಿಗೆ ಕಾಲಿಟ್ಟರೆ ಬರುವ ವಾಸನೆಯೇ ಬೇರೆ: ಪಟಿಕದ ಕಲ್ಲು, ಟಾಲ್ಕಂ ಪೌಡರು, ಹಸಿರು ನಿಂಬೆ ಲೋಷನ್.

ಶ್ರೀಗಂಧಕ್ಕೆ ಬರೋಣ. ಗಂಧದೆಣ್ಣೆಯ ಮುಖ್ಯ ಅಂಶ ಆಲ್ಫಾ ಮತ್ತು ಬೀಟಾ ಸಾಂಟಲಾಲ್. ಭಾರದ ಅಣುಗಳು, ಕ್ಷಾರಕ್ಕೆ ಬಗ್ಗುವುದಿಲ್ಲ, ನಿಧಾನವಾಗಿ ಆವಿಯಾಗುತ್ತವೆ. ಸೋಪಿಗೆ ಇಷ್ಟು ಹೊಂದುವ ಪರಿಮಳ ಇನ್ನೊಂದು ಸಿಗುವುದು ಕಷ್ಟ. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಗಂಧದ ಕೊರಡು ಸಾಗಿಸುವುದು ನಿಂತಾಗ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಸಂಸ್ಥಾನ 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ತೆರೆದು, 1918ರಲ್ಲಿ ಅದನ್ನು ಸಾಬೂನಿಗೆ ಹಾಕಿದ್ದು ನಮಗೆಲ್ಲ ಗೊತ್ತಿರುವ ಕಥೆ. ಗಂಧ ತೊಳೆದ ಮೇಲೂ ಉಳಿಯುತ್ತದೆ ಅನ್ನುವುದೇ ಅಲ್ಲಿ ಅದರ ಗುಣ. ನಿಮ್ಮ ಕೆಲಸಕ್ಕೆ ಅದೇ ದೋಷ.

ಗಂಧದ ಹೆಸರಿನ ಟ್ಯೂಬಿನಲ್ಲಿ ನಿಜವಾದ ಗಂಧದೆಣ್ಣೆ ಇದೆಯೇ ಅಂತ ಬಹಳ ಜನ ಕೇಳುತ್ತಾರೆ. ಲೆಕ್ಕ ಹಾಕಿದರೆ ಸಾಕು. ಶುದ್ಧ ಗಂಧದೆಣ್ಣೆಯ ಬೆಲೆ ಕಿಲೋಗೆ ಲಕ್ಷ ರೂಪಾಯಿ ದಾಟುತ್ತದೆ, ಅಂದರೆ ಗ್ರಾಮಿಗೆ ನೂರು ರೂಪಾಯಿಗೆ ಕಡಿಮೆ ಇಲ್ಲ. ಶೇವಿಂಗ್ ಕ್ರೀಮಿಗೆ ಸುಮಾರು ಶೇ. 1ರಷ್ಟು ಪರಿಮಳ ಹಾಕುತ್ತಾರೆ. ನೂರು ಗ್ರಾಂ ಕ್ರೀಮಿಗೆ ಒಂದು ಗ್ರಾಂ ಎಣ್ಣೆ, ಎಣ್ಣೆಗೇ ನೂರು ರೂಪಾಯಿ. ನೂರು ರೂಪಾಯಿಯೊಳಗಿನ ಟ್ಯೂಬಿನ ಮೇಲೆ ಗಂಧದ ಕೊರಡಿನ ಚಿತ್ರವಿದ್ದರೆ ಅದನ್ನು ಚಿತ್ರ ಅಂತಲೇ ನೋಡಿ. ಒಳಗಿರುವುದು ಗಂಧವನ್ನು ಹೋಲುವ ಸಂಶ್ಲೇಷಿತ ವಸ್ತು. ಅದರಿಂದ ಮೋಸಹೋದೆ ಅಂತ ಬೇಸರ ಬೇಡ. ಇವುಗಳಲ್ಲಿ ಒಳ್ಳೆಯವು ಬಹಳ ಇವೆ, ಒಂದೊಂದು ಬ್ಯಾಚಿಗೂ ವಾಸನೆ ಬದಲಾಗುವುದಿಲ್ಲ, ಕಾಡಿನ ಮರವೂ ಉಳಿಯುತ್ತದೆ. ಆದರೆ ಇವುಗಳಲ್ಲಿ ಕೆಲವಂತೂ ಅಸಲಿಗಿಂತ ಜೋರು, ಚರ್ಮಕ್ಕೆ ಅಂಟಿದರೆ ಬಿಡುವ ಮಾತೇ ಇಲ್ಲ. ಮಸ್ಕ್ (ಕಸ್ತೂರಿ) ಅಂತ ಬರೆದ ಕ್ರೀಮುಗಳದ್ದೂ ಇದೇ ಕಥೆ.

ಮೆಂಥಾಲ್, ನೀಲಗಿರಿ ಎಣ್ಣೆ ಬೇರೆ ಜಾತಿ. ಮೆಂಥಾಲ್ ಪರಿಮಳಕ್ಕಿಂತ ಹೆಚ್ಚಾಗಿ ಒಂದು ಅನುಭವ. ತಣ್ಣಗಾದರೆ ತಿಳಿಸುವ ನರದ ತುದಿಗಳನ್ನೇ ಅದು ಕೆಣಕುತ್ತದೆ, ಚರ್ಮದ ಬಿಸಿ ಇಳಿಯದೆಯೂ ತಂಪು ಅನ್ನಿಸುತ್ತದೆ. ಅದರ ಆವಿ ಮೂಗಿನೊಳಗೂ ಅದನ್ನೇ ಮಾಡುತ್ತದೆ. ಬಟ್ಟಲಿನ ಸೂಕ್ಷ್ಮ ಹುಳಿ, ಹೂವಿನ ಎಳೆ ಹಿಡಿಯಬೇಕಾದ ಬೆಳಿಗ್ಗೆ ಮೂಗು ತಣ್ಣಗೆ ಮರಗಟ್ಟಿದ್ದರೆ ಕೆಲಸ ಕೆಟ್ಟಹಾಗೇ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಎತ್ತರ. ಡಿಸೆಂಬರಿನ ಬೆಳಿಗ್ಗೆ ತಣ್ಣೀರಿನಲ್ಲಿ ಮೆಂಥಾಲ್ ಹಚ್ಚಿಕೊಳ್ಳುವ ಧೈರ್ಯ ನಿಮಗಿದ್ದರೆ ನಮಸ್ಕಾರ. ಕಡೂರಿನ ಏಪ್ರಿಲ್ ಬಿಸಿಲಿಗೆ ಅದು ಸರಿ, ಅತ್ತೆಮನೆಯಲ್ಲಿ ಕಪ್ಪಿಂಗ್ ಇಲ್ಲವಲ್ಲ.

ನೊರೆ ಏಳದ ವಿಷಯ ಪರಿಮಳಕ್ಕೆ ಸಂಬಂಧವಿಲ್ಲ ಅಂತ ಕಾಣುತ್ತದೆ. ಸಂಬಂಧ ಇದೆ, ಅದಕ್ಕೇ ಸ್ವಲ್ಪ ನಿಲ್ಲುತ್ತೇನೆ.

ಬ್ರಷ್ಷಿನಲ್ಲಿ ನೊರೆ ಬರುವ ಕ್ರೀಮು ಅಂದರೆ ಮೂಲತಃ ಮೆತ್ತನೆಯ ಸೋಪು. ಸ್ಟಿಯರಿಕ್ ಆಮ್ಲ, ಕೊಬ್ಬರಿ ಎಣ್ಣೆಯಿಂದ ಬಂದ ಆಮ್ಲಗಳು, ಇವುಗಳಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಜೊತೆಗೆ ಗ್ಲಿಸರಿನ್, ನೀರು. ಸ್ಟಿಯರಿಕ್‌ನಿಂದ ನೊರೆ ದಟ್ಟವಾಗಿ ನಿಲ್ಲುತ್ತದೆ, ಕೊಬ್ಬರಿಯಿಂದ ಬೇಗ ಏಳುತ್ತದೆ. ಕೆಲವು ಕ್ರೀಮುಗಳಲ್ಲಿ ಕಾಣುವ ಮುತ್ತಿನ ಹೊಳಪು ಸೋಪಾಗದೆ ಉಳಿದ ಸ್ಟಿಯರಿಕ್ ಆಮ್ಲದ ಸಣ್ಣ ಹರಳುಗಳದ್ದು. ಇಂಥ ಸೋಪಿಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವ ಗಡಸು ನೀರು ಸಿಕ್ಕಿದರೆ ಕರಗದ ಜಿಡ್ಡಾಗುತ್ತದೆ. ಬೋರ್‌ವೆಲ್ ನೀರಿನ ಬಕೆಟ್ಟಿನ ಅಂಚಿಗೆ ಹತ್ತುವ ಬೂದು ಪದರ ಅದೇ.

ಚಿಕ್ಕಮಗಳೂರು ಪೇಟೆಗೆ ಯಗಚಿ, ಹಿರೇಕೊಳಲೆ ಕೆರೆಯ ನೀರು. ಗುಡ್ಡದ ಮೇಲೆ ಬಿದ್ದ ಮಳೆ, ಹೆಚ್ಚು ಕಲ್ಲುಮಣ್ಣು ತಿನ್ನದೆ ಇಳಿದು ಬಂದದ್ದು. ಹಾಸನಕ್ಕೆ ಗೊರೂರಿನ ಹೇಮಾವತಿ. ಕಡೂರು, ಅರಸೀಕೆರೆ ಮಳೆ ಕಡಿಮೆಯ ಬಯಲು. ಅಲ್ಲಿ ತೆಂಗಿಗೂ ಮನೆಗೂ ಆಳದ ಬೋರ್‌ವೆಲ್‌ಗಳೇ ಆಧಾರ, ನೀರು ಬಂಡೆಯ ನಡುವೆ ವರ್ಷಗಟ್ಟಲೆ ನಿಂತು ಸುಣ್ಣದ ಅಂಶ ಕರಗಿಸಿಕೊಂಡಿರುತ್ತದೆ. ಯಾವ ಮನೆಯಲ್ಲಿ ತೊಗರಿಬೇಳೆ ಬೇಯಲು ಹಟ ಮಾಡುತ್ತದೋ ಆ ಮನೆಯಲ್ಲಿ ನಿಮ್ಮ ನೊರೆಯೂ ಹಟ ಮಾಡುತ್ತದೆ.

ಎಷ್ಟು ನಷ್ಟ ಅಂತ ಅಂದಾಜು ಕೊಡುತ್ತೇನೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು ಅಂತಿದೆ. 600ರ ನೀರು ತೆಗೆದುಕೊಳ್ಳಿ. ಒಂದು ಶೇವಿಗೆ ಒಂದು ಗ್ರಾಂ ಕ್ರೀಮು, ಅದರಲ್ಲಿ ಸೋಪು ಸುಮಾರು 400 ಮಿಲಿಗ್ರಾಂ. ನೊರೆ ಕಟ್ಟಲು 25 ಮಿಲಿ ನೀರು ಹೋದರೆ ಅದರಲ್ಲಿನ ಕ್ಯಾಲ್ಸಿಯಂ ಹತ್ತಿರ ಹತ್ತಿರ 100 ಮಿಲಿಗ್ರಾಂ ಸೋಪನ್ನು ನುಂಗುತ್ತದೆ, ಅಂದರೆ ಕಾಲು ಭಾಗ. ಉಳಿದ ನೊರೆಯನ್ನೂ ಆ ಜಿಡ್ಡು ಒಡೆಯುತ್ತದೆ. ನೊರೆ ಬರಲಿಲ್ಲ ಅಂತ ನೀವು ಇನ್ನಷ್ಟು ನೀರು ಹಾಕುತ್ತೀರಿ, ಇನ್ನಷ್ಟು ಕ್ಯಾಲ್ಸಿಯಂ ಬಂತು. ಗಡಸು ನೀರಿನ ಊರಿನಲ್ಲಿ ನೊರೆ ಬಿದ್ದರೆ ನೀರು ಸೇರಿಸಬಾರದು, ಕ್ರೀಮು ಸೇರಿಸಬೇಕು.

ಪರಿಮಳಕ್ಕೆ ಸಂಬಂಧ ಇಲ್ಲೇ. ಆ ಜಿಡ್ಡು ಎಣ್ಣೆಯನ್ನು ಹಿಡಿದುಕೊಳ್ಳುವಂಥದ್ದು, ತೊಳೆದರೂ ಚರ್ಮದ ಮೇಲೆ, ಮೀಸೆಯ ಬುಡದಲ್ಲಿ ತೆಳುವಾಗಿ ಉಳಿಯುತ್ತದೆ. ಪರಿಮಳವೂ ಅದರ ಜೊತೆ ಉಳಿಯುತ್ತದೆ, ಕ್ಷಾರವೂ ಉಳಿಯುತ್ತದೆ. ಜಾರಿಕೆ ಇಲ್ಲದ ತೆಳು ನೊರೆಯ ಮೇಲೆ ಬ್ಲೇಡು ಎಳೆದದ್ದು ಒಂದು, ಕೆರೆದ ಚರ್ಮದ ಮೇಲೆ ಜಿಡ್ಡು ಕೂತದ್ದು ಇನ್ನೊಂದು, ಅದರ ಮೇಲೆ ಆಫ್ಟರ್‌ಶೇವಿನ ಆಲ್ಕೊಹಾಲ್. ಉರಿಯದೆ ಇನ್ನೇನಾಗುತ್ತದೆ?

ಪರಿಹಾರ ಸುಲಭ. ಅತ್ತೆಮನೆಯಲ್ಲಿ ಕುಡಿಯುವುದಕ್ಕೆ ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ತರುತ್ತಿದ್ದರೆ ಅದರಿಂದ ಎರಡು ಲೋಟ ಕೇಳಿ. ಒಂದು ಲೋಟ ಬಿಸಿ ಮಾಡಿಕೊಂಡು ಬ್ರಷ್ಷಿಗೆ, ನೊರೆಗೆ. ಇನ್ನೊಂದು ಕೊನೆಯ ತೊಳೆತಕ್ಕೆ. ನಡುವಿನ ತೊಳೆತ, ರೇಜರ್ ಜಾಲಾಡುವುದು ಬೋರ್‌ವೆಲ್ ನೀರಿನಲ್ಲೇ ಆಗಲಿ. ಕುಡಿಯುವ ನೀರಿನಲ್ಲಿ ಅಳಿಯ ಗಡ್ಡ ತೊಳೆಯುತ್ತಾನೆ ಅಂತ ಅತ್ತೆಯವರು ಏನಾದರೂ ಅಂದರೆ ಅದಕ್ಕೆ ನನ್ನ ಬಳಿ ರಸಾಯನಶಾಸ್ತ್ರದ ಉತ್ತರವಿಲ್ಲ. ಹಾಗಾದರೆ ಹಂಡೆಯಲ್ಲಿ ಚೆನ್ನಾಗಿ ಕುದಿದು ತಣಿದ ನೀರಿನ ಮೇಲಿನ ತಿಳಿ ಬಳಸಿ; ಕುದಿಸಿದರೆ ಗಡಸುತನದ ಒಂದು ಭಾಗ ಹಂಡೆಯ ತಳಕ್ಕೆ ಬಿಳಿಯಾಗಿ ಕೂರುತ್ತದೆ, ಪೂರ್ತಿ ಅಲ್ಲ. ಮಳೆಗಾಲವಾದರೆ ಸೂರಿನ ನೀರು ಎಲ್ಲಕ್ಕಿಂತ ಮೇಲು. ನೀರಿಗೆ ನಿಂಬೆಹಣ್ಣು ಹಿಂಡಿದರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಹುಳಿ ಬಿದ್ದರೆ ಸೋಪು ಮರಳಿ ಕೊಬ್ಬಿನ ಆಮ್ಲವಾಗುತ್ತದೆ, ಇದ್ದ ನೊರೆಯೂ ಹೋಗುತ್ತದೆ.

ಇನ್ನು ಟ್ಯೂಬಿನ ಹಿಂಬದಿ ಓದುವುದು. ಮೊದಲ ಮೂರು ನಾಲ್ಕು ಹೆಸರುಗಳಲ್ಲಿ ಸ್ಟಿಯರಿಕ್ ಆಮ್ಲ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಅಥವಾ ಪೊಟ್ಯಾಸಿಯಂ ಸ್ಟಿಯರೇಟ್, ಗ್ಲಿಸರಿನ್ ಕಂಡರೆ ಬ್ರಷ್ಷಿನ ಕ್ರೀಮು ಅಂತ ಅರ್ಥ. ಟೆಟ್ರಾಸೋಡಿಯಂ ಇಡಿಟಿಎ ಇದ್ದರೆ ಗಡಸು ನೀರಿನಲ್ಲಿ ಸ್ವಲ್ಪ ಅನುಕೂಲ, ಅದು ಕ್ಯಾಲ್ಸಿಯಂ ಹಿಡಿದಿಡುತ್ತದೆ. ಹಾಕಿರುವ ಪ್ರಮಾಣ ಕಡಿಮೆಯಾದ್ದರಿಂದ ಪವಾಡ ನಿರೀಕ್ಷಿಸಬೇಡಿ. ಬ್ರಷ್‌ಲೆಸ್ ಅಂತ, ಅಂದರೆ ಬ್ರಷ್ಷಿಲ್ಲದೆ ಕೈಯಲ್ಲೇ ಹಚ್ಚುವಂಥದ್ದು ಅಂತ ಬರೆದದ್ದನ್ನು ತಂದರೆ ನಿಮ್ಮ ಬ್ರಷ್ಷಿನಲ್ಲಿ ನೊರೆ ಬರುವುದಿಲ್ಲ. ಅದರ ಕೆಲಸ ಸೋಪಿನ ನೊರೆಯ ಮೇಲೆ ನಿಂತಿಲ್ಲ, ಹಾಗಾಗಿ ಗಡಸು ನೀರಿಗೂ ಅಷ್ಟಾಗಿ ಹೆದರುವುದಿಲ್ಲ. ಅತ್ತೆಮನೆಗೆ ಇದೊಂದನ್ನು ಬ್ಯಾಗಿನಲ್ಲಿ ಇಟ್ಟುಕೊಂಡರೂ ನಡೆದೀತು.

ಯುರೋಪಿನ ಟ್ಯೂಬುಗಳಲ್ಲಿ ಲಿಮೋನೀನ್, ಲಿನಲೂಲ್, ಕೂಮರಿನ್, ಜೆರಾನಿಯಾಲ್ ಅಂತ ಸಾಲು ಸಾಲು ಹೆಸರಿರುತ್ತದೆ, ನಮ್ಮ ಹಲವು ಟ್ಯೂಬುಗಳಲ್ಲಿ ಪರ್ಫ್ಯೂಮ್ ಅಂತ ಒಂದೇ ಪದ. ಅದನ್ನು ನೋಡಿ ಅವರದ್ದು ಅಪಾಯ, ನಮ್ಮದು ಸೌಮ್ಯ ಅಂತ ತಿಳಿಯುವವರಿದ್ದಾರೆ. ಆಗಿರುವುದು ಇಷ್ಟೇ: ಅಲ್ಲಿನ ಕಾನೂನಿನ ಪ್ರಕಾರ, ಅಲರ್ಜಿ ತರಬಲ್ಲ ಪರಿಮಳ ವಸ್ತುಗಳು ತೊಳೆಯುವ ಸಾಮಗ್ರಿಯಲ್ಲಿ ಶೇ. 0.01 ದಾಟಿದರೆ ಹೆಸರಿಸಲೇಬೇಕು. ಮೊದಲು ಆ ಪಟ್ಟಿಯಲ್ಲಿ 26 ಇದ್ದವು, 2023ರಲ್ಲಿ ಎಂಬತ್ತಕ್ಕೂ ಹೆಚ್ಚಾದವು. ನಿಮಗೆ ಯಾವುದೋ ಒಂದು ವಸ್ತು ಆಗುವುದಿಲ್ಲ ಅಂತ ಗೊತ್ತಾದರೆ ಆ ಉದ್ದ ಪಟ್ಟಿಯೇ ನಿಮ್ಮ ಸ್ನೇಹಿತ. ಬ್ಯುಟೈಲ್‌ಫಿನೈಲ್ ಮೀಥೈಲ್‌ಪ್ರೊಪಿಯೊನಲ್ ಅನ್ನುವ ಪರಿಮಳ ವಸ್ತುವಿನ ಹೆಸರು ಕಂಡರೆ ಕೊಳ್ಳಬೇಡಿ. 2022ರ ಮಾರ್ಚ್ 1ರಿಂದ ಯುರೋಪಿನಲ್ಲಿ ಅದಕ್ಕೆ ನಿಷೇಧವಿದೆ, ಅಲ್ಲಿನ ಟ್ಯೂಬಿನಲ್ಲಿ ಅದಿದ್ದರೆ ಹಳೆಯ ದಾಸ್ತಾನು. ಆಮದಾದ ಟ್ಯೂಬಿನ ಮೇಲೆ ಇಲ್ಲಿನ ಆಮದುದಾರರ ಹೆಸರು, ವಿಳಾಸ, ನೋಂದಣಿ ಸಂಖ್ಯೆಯ ಚೀಟಿ ಇದೆಯೇ ಅಂತಲೂ ನೋಡಿ.

ಈಗ ಏನು ಕೊಳ್ಳಬೇಕು. ವಾರದ ಕೆಲಸದ ದಿನಗಳಿಗೆ ಮೂಗಿಗೆ ಬೇಗ ವಿದಾಯ ಹೇಳುವ ಪರಿಮಳ ಸಾಕು. ನಮ್ಮ ಅಂಗಡಿಗಳಲ್ಲೇ ಸಿಗುವ ಗೋದ್ರೇಜ್, ಓಲ್ಡ್ ಸ್ಪೈಸ್‌ನಂಥವರ ನಿಂಬೆ ಜಾತಿಯ ಬ್ರಷ್ ಕ್ರೀಮಿನಿಂದ ಶುರು ಮಾಡಿ, ಮುಂಗೈ ಪರೀಕ್ಷೆಯಲ್ಲಿ ಪಾಸಾದರೆ ಅದೇ ಇರಲಿ. ಓಲ್ಡ್ ಸ್ಪೈಸ್‌ನ ಮಸ್ಕ್ ನಿಮಗಲ್ಲ. ಸ್ವಲ್ಪ ಹೆಚ್ಚು ಖರ್ಚು ಮಾಡುವ ಮನಸ್ಸಿದ್ದರೆ ಇಟಲಿಯ ಪ್ರೊರಾಸೊ, 1908ರಿಂದ ಇರುವ ಫ್ಲಾರೆನ್ಸಿನ ಮಾರ್ಟೆಲ್ಲಿ ಮನೆತನದ್ದು, ಅದರ ಬಿಳಿ ಟ್ಯೂಬು: ಗ್ರೀನ್ ಟೀ, ಓಟ್ಸ್, ಸೌಮ್ಯ. ಹಸಿರು ಟ್ಯೂಬಿನಲ್ಲಿ ಮೆಂಥಾಲ್, ನೀಲಗಿರಿ, ಕೆಂಪಿನಲ್ಲಿ ಗಂಧ. ಅವೆರಡೂ ರಜೆಗೆ. ಲಂಡನ್ನಿನ ಟೇಲರ್ ಆಫ್ ಓಲ್ಡ್ ಬಾಂಡ್ ಸ್ಟ್ರೀಟ್ 1854ರದು, ಟ್ರಂಪರ್ 1875ರದು. ಇಬ್ಬರ ಗಂಧದ ಕ್ರೀಮುಗಳಿಗೂ ಭಕ್ತರಿದ್ದಾರೆ. ಭಾನುವಾರಕ್ಕೆ ಅಂಥದ್ದೊಂದು ಬಟ್ಟಲು ಇಟ್ಟುಕೊಳ್ಳುವುದು ಬೇಡ ಅನ್ನಲಾರೆ. ಹಣದ ಲೆಕ್ಕದಲ್ಲಿ ಮಾತ್ರ ಒಂದು ಮಾತು: ನೂರಕ್ಕೂ ಸಾವಿರಕ್ಕೂ ಇರುವ ವ್ಯತ್ಯಾಸದಲ್ಲಿ ನೊರೆಯ ಗುಣಕ್ಕೆ ಕೊಡುವುದು ಸ್ವಲ್ಪ, ಪರಿಮಳಕ್ಕೂ ಹೆಸರಿಗೂ ಕೊಡುವುದು ಬಹಳ. ಈಗಿರುವ ಗಂಧದ ಟ್ಯೂಬನ್ನು ಎಸೆಯಬೇಡಿ, ಕಪ್ಪಿಂಗ್ ಇಲ್ಲದ ದಿನ ಮುಗಿಸಿ.

ಹಚ್ಚುವ ಕ್ರಮ ಚುಟುಕಾಗಿ. ಬಿಸಿನೀರಿನಲ್ಲಿ ಮುಖವನ್ನು ಎರಡು ಮೂರು ನಿಮಿಷ ನೆನೆಸಿ, ಗಡ್ಡದ ಕೂದಲು ನೀರು ಕುಡಿದು ಮೆದುವಾಗಲಿ. ಹಂದಿಕೂದಲಿನ ಬ್ರಷ್ಷಾದರೆ ಮೊದಲೇ ನೆನೆಸಿಡಬೇಕು, ಸಿಂಥೆಟಿಕ್ ಆದರೆ ಅದ್ದಿ ಕೊಡವಿದರೆ ಸಾಕು. ಅವರೆಕಾಳಿನಷ್ಟು ಕ್ರೀಮು, ನೀರು ಹನಿ ಹನಿಯಾಗಿ. ಕಣ್ಣಿಗೆ ಗುಳ್ಳೆ ಕಾಣಬಾರದು, ಹೊಳಪಿರಬೇಕು, ಬ್ರಷ್ಷು ಎತ್ತಿದರೆ ತುದಿ ಬಾಗಿ ನಿಲ್ಲಬೇಕು. ಚಳಿಗಾಲದಲ್ಲಿ ಬಟ್ಟಲನ್ನೂ ಬಿಸಿನೀರಿನಲ್ಲಿ ಅದ್ದಿ ತೆಗೆಯಿರಿ, ಸ್ಟಿಯರಿಕ್ ಸೋಪು ತಣ್ಣೀರಿನಲ್ಲಿ ಕರಗಲು ಸೋಮಾರಿ. ಮೀಸೆಯ ಮೇಲೆ ಬ್ರಷ್ಷು ಆಡಿಸಬೇಡಿ. ಅದರ ಅಂಚಿಗೆ ಬೆರಳಿನಿಂದ ನೊರೆ ಮುಟ್ಟಿಸಿ. ಕೊನೆಗೆ ಮೀಸೆಯನ್ನು ಬರೀ ನೀರಿನಲ್ಲಿ ಬೇರೆಯಾಗಿ ಉಜ್ಜಿ ತೊಳೆಯಿರಿ. ಆಫ್ಟರ್‌ಶೇವಿನ ಜಾಗಕ್ಕೆ ಒದ್ದೆ ಮುಖದ ಮೇಲೆ ಪಟಿಕದ ಕಲ್ಲು ಒಮ್ಮೆ ಸವರಿ ತೊಳೆದರಾಯಿತು, ಅದಕ್ಕೆ ವಾಸನೆಯೇ ಇಲ್ಲ. ಟವೆಲನ್ನೂ ನೋಡಿ. ಒಂದೇ ಟವೆಲು ದಿನಾ ಗಂಧ ಕುಡಿಯುತ್ತಿದ್ದರೆ ಕ್ರೀಮು ಬದಲಿಸಿಯೂ ಪ್ರಯೋಜನವಿಲ್ಲ. ಬ್ರಷ್ಷೂ ಹಾಗೇ, ಭಾನುವಾರದ ಗಂಧ ಸೋಮವಾರಕ್ಕೆ ಬರದಂತೆ ಚೆನ್ನಾಗಿ ತೊಳೆದು ತೂಗುಹಾಕಿ.

ಉರಿಯ ಬಗ್ಗೆ ಒಂದು ಎಚ್ಚರಿಕೆ. ಹಚ್ಚಿದ ಕೂಡಲೇ ಉರಿದು ಗಂಟೆಯೊಳಗೆ ಹೋದರೆ ಅದು ಕ್ಷಾರ, ಗಡಸು ನೀರು ಅಥವಾ ಬ್ಲೇಡಿನ ಒತ್ತಡದ ಕೆರಳಿಕೆ. ಮೇಲೆ ಹೇಳಿದ ನೀರಿನ ಬದಲಾವಣೆಗೆ ಸಾಮಾನ್ಯವಾಗಿ ಬಗ್ಗುತ್ತದೆ. ಪರಿಮಳದ ಅಲರ್ಜಿ ಹಾಗಲ್ಲ, ಒಂದೆರಡು ದಿನ ಬಿಟ್ಟು ತುರಿಕೆ, ಕೆಂಪು, ಸಣ್ಣ ಗುಳ್ಳೆಯಾಗಿ ಬರುತ್ತದೆ, ಕಿವಿಯ ಕೆಳಗೆ, ಕುತ್ತಿಗೆಗೂ ಹರಡಬಹುದು. ಕಡೂರಿನಿಂದ ಚಿಕ್ಕಮಗಳೂರಿಗೆ ವಾಪಸು ಬಂದು ಮೂರು ದಿನವಾದರೂ ತುರಿಕೆ ನಿಲ್ಲದಿದ್ದರೆ ಕ್ರೀಮು, ಆಫ್ಟರ್‌ಶೇವ್ ಎರಡನ್ನೂ ನಿಲ್ಲಿಸಿ, ಎರಡರ ಟ್ಯೂಬು ಬಾಟಲಿ ಹಿಡಿದುಕೊಂಡೇ ಚರ್ಮರೋಗ ತಜ್ಞರ ಹತ್ತಿರ ಹೋಗಿ, ಪ್ಯಾಚ್ ಟೆಸ್ಟ್ (ಯಾವ ವಸ್ತು ಆಗುವುದಿಲ್ಲ ಅಂತ ಚರ್ಮದ ಮೇಲೆ ಅಂಟಿಸಿ ನೋಡುವ ಪರೀಕ್ಷೆ) ಬೇಕೇ ಅಂತ ಕೇಳಿ.